ಕುರಿ-ಮೇಕೆಗಳ ಜಂತುಹುಳು: ಔಷಧಿಯನ್ನೂ ಜೈವಿಕ ವಿಧಾನವನ್ನೂ ಒಂದಕ್ಕೊಂದು ಅಡ್ಡಬಾರದಂತೆ ಜೋಡಿಸುವುದು ಹೇಗೆ?

"ಮೂರು ತಿಂಗಳಿಗೊಮ್ಮೆ ತಪ್ಪದೆ ಔಷಧಿ ಕುಡಿಸಿದ್ದೇವೆ. ಆದರೂ ಮಳೆ ಹಿಡಿದ ಮೇಲೆ ಕುರಿಗಳು ಸಾಯುತ್ತಿವೆ." ಕುರಿ ಸಾಕುವವರ ಬಾಯಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ ಮಾತು ಇದು. ಇತ್ತೀಚೆಗೆ ಇದರ ಜೊತೆಗೆ ಇನ್ನೊಂದು ದೂರು ಸೇರಿಕೊಂಡಿದೆ. ಔಷಧಿ ನಾಟುತ್ತಿಲ್ಲವೆಂದು ಜೈವಿಕ ವಿಧಾನ (ಹುಳು ಹಿಡಿಯುವ ಶಿಲೀಂಧ್ರ, ಸಗಣಿ ದುಂಬಿಯಂಥ ಜೀವಿಗಳ ನೆರವು) ಹಿಡಿದೆವು, ಅದೂ ಕೈಕೊಟ್ಟಿತು ಎನ್ನುತ್ತಾರೆ.

ಎರಡೂ ದೂರುಗಳ ಬೇರು ಒಂದೇ. ಔಷಧಿ ಕೊಲ್ಲುವುದು ಕುರಿಯ ಹೊಟ್ಟೆಯೊಳಗಿನ ಹುಳುವನ್ನು. ಜೈವಿಕ ವಿಧಾನ ಕೊಲ್ಲುವುದು ಹಿಕ್ಕೆಯಲ್ಲಿರುವ, ಇನ್ನೂ ಹುಲ್ಲು ಹತ್ತದ ಮರಿಹುಳುವನ್ನು. ಒಂದರ ಕೆಲಸವನ್ನು ಇನ್ನೊಂದರಿಂದ ಮಾಡಿಸಲು ಹೋದರೆ ಎರಡೂ ಸೋಲುತ್ತವೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ: ಕೆಲವು ಔಷಧಿಗಳು ಜೈವಿಕ ವಿಧಾನದ ಜೀವಿಗಳನ್ನೇ ಕೊಲ್ಲುತ್ತವೆ. ಆದ್ದರಿಂದ ಇಲ್ಲಿ ಏನು ಕೊಡಬೇಕು ಎಂಬುದಷ್ಟೇ ಯಾವುದನ್ನು ಮೊದಲು, ಎಷ್ಟು ದಿನ ಬಿಟ್ಟು ಕೊಡಬೇಕು ಎಂಬುದೂ ಮುಖ್ಯ.

ನಾನು ಬರೆಯುತ್ತಿರುವುದು ಮುಖ್ಯವಾಗಿ ಕುರಿ ಮತ್ತು ಮೇಕೆಗಳ ಬಗ್ಗೆ. ನಮ್ಮ ಕಡೆ ಅವುಗಳನ್ನು ಕೊಲ್ಲುವ ಹುಳುಗಳಲ್ಲಿ ಮೊದಲನೆಯದು ಹೀಮಾಂಕಸ್. ಕೂದಲೆಳೆಯಂತಹ ಹುಳು, ಎರಡು-ಮೂರು ಸೆಂಟಿಮೀಟರ್ ಉದ್ದ. ಹೆಣ್ಣು ಹುಳುವನ್ನು ಬೆಳಕಿಗೆ ಹಿಡಿದರೆ ಕೆಂಪು ಮತ್ತು ಬಿಳಿ ದಾರ ಹೊಸೆದಂತೆ ಕಾಣುತ್ತದೆ. ಕುರಿಯ ನಾಲ್ಕನೆಯ ಹೊಟ್ಟೆಯಲ್ಲಿ ಕೂತು ರಕ್ತ ಹೀರುತ್ತದೆ. ಒಂದು ಹುಳು ದಿನಕ್ಕೆ ಸುಮಾರು 0.05 ಮಿಲಿ ರಕ್ತ ತೆಗೆಯುತ್ತದೆ. ಸಾವಿರ ಹುಳುಗಳಿದ್ದರೆ ದಿನಕ್ಕೆ 50 ಮಿಲಿ ಆಯಿತು. ಹೆಣ್ಣು ಹುಳು ದಿನಕ್ಕೆ ಐದು ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ಬೆಚ್ಚಗಿನ ತೇವ ಸಿಕ್ಕರೆ ಒಂದೇ ವಾರದಲ್ಲಿ ಆ ಮೊಟ್ಟೆ ಮರಿಹುಳುವಾಗಿ ಹುಲ್ಲು ಹತ್ತುತ್ತದೆ. ಕುರಿ ಅದನ್ನು ತಿಂದ ಸುಮಾರು ಮೂರು ವಾರಕ್ಕೆ ಮತ್ತೆ ಮೊಟ್ಟೆ. ಮೂರು ತಿಂಗಳಿಗೊಮ್ಮೆ ಎಂಬ ಲೆಕ್ಕ ಮಳೆಗಾಲದಲ್ಲಿ ಏಕೆ ಕೆಲಸಕ್ಕೆ ಬಾರದು ಎಂಬುದು ಇದರಿಂದಲೇ ತಿಳಿಯುತ್ತದೆ.

## ಮೊದಲು ಕೈಗೆ ಸಿಗಬೇಕಾದ ಸಾಮಾನುಗಳು

ನೇತುಹಾಕುವ ತಕ್ಕಡಿ, ಸೂಜಿ ಇಲ್ಲದ 20 ಮಿಲಿ ಸಿರಿಂಜು, ಕೈಗವಸು, ಹಿಕ್ಕೆ ತುಂಬಲು ಸಣ್ಣ ಪ್ಲಾಸ್ಟಿಕ್ ಚೀಲಗಳು, ಬಣ್ಣದ ಪಟ್ಟಿ ಅಥವಾ ಕಿವಿಯೋಲೆ, ಒಂದು ನೋಟ್‌ಬುಕ್. ಇವುಗಳ ಜೊತೆಗೆ ಫಮಾಚಾ ಕಾರ್ಡ್ ಬೇಕು. ಕುರಿಯ ಕಣ್ಣುರೆಪ್ಪೆಯ ಒಳಪದರದ ಬಣ್ಣ ನೋಡಿ ರಕ್ತಹೀನತೆ ಅಳೆಯುವ ಐದು ಬಣ್ಣಗಳ ಕಾರ್ಡ್ ಅದು. ಪಶುವೈದ್ಯರ ಮೂಲಕ ತರಿಸಿ, ಬಳಸುವ ಕ್ರಮವನ್ನೂ ಅವರಿಂದಲೇ ಕಲಿಯಿರಿ. ಮೊಬೈಲ್ ಪರದೆಯಲ್ಲಿ ಅಥವಾ ಮುದ್ರಿಸಿದ ಪ್ರತಿಯಲ್ಲಿ ಬಣ್ಣ ಬೇರೆಯಾಗಿ ಕಾಣುತ್ತದೆ, ಅದನ್ನು ನಂಬಬೇಡಿ.

ತಕ್ಕಡಿ ಇಲ್ಲದಿದ್ದರೆ ಅಳತೆ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಇಂಚಿನಲ್ಲಿ ತೆಗೆದು, ಅದನ್ನು ಅದರಿಂದಲೇ ಗುಣಿಸಿ. ಬಂದದ್ದನ್ನು ಹೆಗಲಿನಿಂದ ಪೃಷ್ಠದ ಮೂಳೆಯವರೆಗಿನ ಉದ್ದದಿಂದ ಗುಣಿಸಿ 660ರಿಂದ ಭಾಗಿಸಿ. ಸುತ್ತಳತೆ 30 ಇಂಚು, ಉದ್ದ 26 ಇಂಚು ಇದ್ದರೆ ತೂಕ ಸುಮಾರು 35 ಕಿಲೋ. ದಟ್ಟ ಉಣ್ಣೆ ಇದ್ದಾಗ ಟೇಪನ್ನು ಬಿಗಿಯಾಗಿ ಎಳೆದು ಹಿಡಿಯಿರಿ.

## ಹಂತ 1: ಹಿಕ್ಕೆ ಪರೀಕ್ಷೆ

ಔಷಧಿಗೆ ಮುಂಚೆ ಹಿಕ್ಕೆ ಪರೀಕ್ಷೆಯಾಗಬೇಕು. ಬಹುತೇಕರು ಈ ಹಂತವನ್ನೇ ದಾಟಿ ಹೋಗುತ್ತಾರೆ.

ನೆಲದ ಮೇಲಿನ ಹಿಕ್ಕೆ ಬೇಡ. ಅದು ಯಾವ ಕುರಿಯದು, ಎಷ್ಟು ಹೊತ್ತಾಯಿತು ಎಂಬುದು ಗೊತ್ತಾಗುವುದಿಲ್ಲ. ಕೈಗವಸು ಹಾಕಿ ಗುದದಿಂದಲೇ ತೆಗೆಯಿರಿ. ಒಂದೊಂದು ಕುರಿಯಿಂದ ಹತ್ತು-ಹನ್ನೆರಡು ಹಿಕ್ಕೆ ಸಾಕು. ಕನಿಷ್ಠ ಹತ್ತು ಪ್ರಾಣಿಗಳಿಂದ ಬೇರೆ ಬೇರೆ ಚೀಲದಲ್ಲಿ ತೆಗೆದು, ಗಾಳಿ ಹಿಂಡಿ ಬಾಯಿ ಕಟ್ಟಿ, ಸಂಖ್ಯೆ ಬರೆದು, ತಂಪಾಗಿಟ್ಟು ಅದೇ ದಿನ ಪಶು ಆಸ್ಪತ್ರೆಗೆ ಅಥವಾ ರೋಗ ಪತ್ತೆ ಪ್ರಯೋಗಾಲಯಕ್ಕೆ ತಲುಪಿಸಿ. ಬಿಸಿಲಲ್ಲಿ ಇಟ್ಟರೆ ಮೊಟ್ಟೆ ಒಡೆದು ಮರಿ ಹೊರಬರುತ್ತದೆ. ಆಗ ಎಣಿಕೆ ಸುಳ್ಳಾಗುತ್ತದೆ. ಗ್ರಾಂ ಹಿಕ್ಕೆಗೆ ಎಷ್ಟು ಮೊಟ್ಟೆ ಎಂದು ಸಂಖ್ಯೆಯಲ್ಲಿ ಬರೆದುಕೊಡಿ ಎಂದು ಕೇಳಿ. "ಇದೆ" ಅಥವಾ "ಇಲ್ಲ" ಎಂಬ ಉತ್ತರದಿಂದ ಮುಂದಿನ ಹಂತಕ್ಕೆ ಉಪಯೋಗವಿಲ್ಲ.

ಇಲ್ಲೊಂದು ತಪ್ಪು ತಿಳಿವಳಿಕೆ ಬಗೆಹರಿಯಬೇಕು. ಹಿಕ್ಕೆಯಲ್ಲಿ ಅಕ್ಕಿಕಾಳಿನಂತಹ ಬಿಳಿ ತುಂಡುಗಳು ಕಂಡರೆ ಜನ ಗಾಬರಿಯಾಗುತ್ತಾರೆ. ಅವು ಲಾಡಿಹುಳುವಿನ ತುಂಡುಗಳು. ದೊಡ್ಡ ಕುರಿಗೆ ಅವುಗಳಿಂದ ಅಷ್ಟು ಅಪಾಯವಿಲ್ಲ. ಕೊಲ್ಲುವ ಹೀಮಾಂಕಸ್ ಹಿಕ್ಕೆಯಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ. ಭತ್ತದ ಗದ್ದೆ, ಕೆರೆಯಂಗಳದಲ್ಲಿ ಮೇಯುವ ಕುರಿಗಳಾದರೆ ಚಪ್ಪಟೆಹುಳುವಿಗೂ ಪರೀಕ್ಷೆ ಮಾಡಿಸಿ. ಅದರ ಔಷಧಿ-ಪ್ರಮಾಣದ ಲೆಕ್ಕ ಬೇರೆ. ಈ ಮಾರ್ಗದರ್ಶಿಯ ಲೆಕ್ಕ ಅದಕ್ಕೆ ಹೊಂದುವುದಿಲ್ಲ.

## ಹಂತ 2: ಯಾವ ಔಷಧಿಗೆ ಇನ್ನೂ ಬಲವಿದೆ?

ಅಂಗಡಿಯಲ್ಲಿ ಹತ್ತಾರು ಹೆಸರಿನ ಬಾಟಲಿಗಳಿದ್ದರೂ ಒಳಗಿರುವ ಮುಖ್ಯ ಗುಂಪುಗಳು ನಾಲ್ಕು. ಅಲ್ಬೆಂಡಜೋಲ್ ಮತ್ತು ಫೆನ್‌ಬೆಂಡಜೋಲ್ ಒಂದೇ ಗುಂಪು. ಲೆವಮಿಸೋಲ್ ಎರಡನೆಯದು. ಐವರ್ಮೆಕ್ಟಿನ್ ಮೂರನೆಯದು. ರಕ್ತ ಹೀರುವ ಹುಳುಗಳಿಗೆ ಮಾತ್ರ ನಾಟುವ ಕ್ಲೋಸಾಂಟೆಲ್ ನಾಲ್ಕನೆಯದು.

ಹೋದ ಸಲ ಅಲ್ಬೆಂಡಜೋಲ್ ಕೊಟ್ಟಿದ್ದೆ, ಈ ಸಲ ಬದಲಿಸಿ ಫೆನ್‌ಬೆಂಡಜೋಲ್ ಕೊಟ್ಟೆ ಎನ್ನುವವರು ಬದಲಿಸಿದ್ದು ಬಾಟಲಿಯನ್ನು ಮಾತ್ರ. ಒಂದಕ್ಕೆ ಬಗ್ಗದ ಹುಳು ಸಾಮಾನ್ಯವಾಗಿ ಇನ್ನೊಂದಕ್ಕೂ ಬಗ್ಗುವುದಿಲ್ಲ.

ಔಷಧಿ ಕೊಟ್ಟ 14ನೆಯ ದಿನ ಅದೇ ಕುರಿಗಳ ಹಿಕ್ಕೆಯನ್ನು ಮತ್ತೆ ಪರೀಕ್ಷೆ ಮಾಡಿಸಿ. ಲೆವಮಿಸೋಲ್ ಕೊಟ್ಟಿದ್ದರೆ ಒಂದು ವಾರಕ್ಕೇ ಮಾಡಿಸಬಹುದು. ಮೊದಲು ಸರಾಸರಿ 1200 ಮೊಟ್ಟೆ ಇದ್ದು ಈಗ 300 ಆಗಿದ್ದರೆ, ಇಳಿಕೆ 75 ಪ್ರತಿಶತ. ಒಂದು ಒಳ್ಳೆಯ ಔಷಧಿ 95 ಪ್ರತಿಶತಕ್ಕಿಂತ ಹೆಚ್ಚು ಇಳಿಸಬೇಕು. ತೂಕ, ಪ್ರಮಾಣ ಸರಿಯಿದ್ದೂ ಅದಕ್ಕಿಂತ ಕೆಳಗೆ ಬಂದರೆ ಆ ಗುಂಪಿನ ಔಷಧಿಗೆ ನಿಮ್ಮ ಮಂದೆಯ ಹುಳುಗಳು ಒಗ್ಗಿಕೊಂಡಿವೆ. ಪಕ್ಕದ ಊರಿನ ಮಂದೆಯಲ್ಲಿ ಅದೇ ಔಷಧಿ ಚೆನ್ನಾಗಿ ಕೆಲಸ ಮಾಡುತ್ತಿರಬಹುದು, ಅದರಿಂದ ನಿಮಗೇನೂ ತಿಳಿಯುವುದಿಲ್ಲ. ನಿಮ್ಮ ರೊಪ್ಪಕ್ಕೆ ನಿಮ್ಮದೇ ಪರೀಕ್ಷೆ ಬೇಕು.

## ಹಂತ 3: ಕಣ್ಣಿನ ರೆಪ್ಪೆ ನೋಡಿ ಆರಿಸಿಕೊಳ್ಳಿ

ಎಲ್ಲ ಕುರಿಗಳ ಹೊಟ್ಟೆಯಲ್ಲೂ ಹುಳು ಸಮನಾಗಿ ಇರುವುದಿಲ್ಲ. ಒಂದು ಮಂದೆಯ ಬಹುಪಾಲು ಹುಳುಗಳು ನಾಲ್ಕನೆಯ ಒಂದು ಪಾಲು ಕುರಿಗಳಲ್ಲೇ ತುಂಬಿರುತ್ತವೆ. ಔಷಧಿ ಬೇಕಿರುವುದು ಅವಕ್ಕೆ.

ಬೆಳಗಿನ ಬಯಲು ಬೆಳಕಿನಲ್ಲಿ, ನೆರಳು ಬೀಳದಂತೆ ನಿಂತುಕೊಳ್ಳಿ. ಹೆಬ್ಬೆರಳಿನಿಂದ ಮೇಲಿನ ರೆಪ್ಪೆಯನ್ನು ಕಣ್ಣುಗುಡ್ಡೆಯ ಮೇಲೆ ಮುಚ್ಚಿ ಮೆಲ್ಲಗೆ ಒತ್ತಿ. ಇನ್ನೊಂದು ಹೆಬ್ಬೆರಳಿನಿಂದ ಕೆಳರೆಪ್ಪೆಯನ್ನು ಕೆಳಕ್ಕೆ ಎಳೆಯಿರಿ. ಒಳಪದರ ತಾನಾಗಿ ಹೊರಕ್ಕೆ ಉಬ್ಬಿ ಬರುತ್ತದೆ. ಅದರ ಬಣ್ಣವನ್ನು ತಕ್ಷಣ ಕಾರ್ಡಿಗೆ ಹೋಲಿಸಿ. ಹಿಡಿದುಕೊಂಡೇ ಇದ್ದರೆ ಪದರ ಕೆಂಪಾಗುತ್ತಾ ಹೋಗಿ ಮೋಸ ಮಾಡುತ್ತದೆ. ಎರಡೂ ಕಣ್ಣು ನೋಡಿ, ಹೆಚ್ಚು ಬಿಳಿಚಿದ್ದನ್ನು ಲೆಕ್ಕಕ್ಕೆ ಹಿಡಿಯಿರಿ.

ಶಿರಾ ಕಡೆಯ ಒಂದು ರೊಪ್ಪದಲ್ಲಿ ಕಾಯುವವರ ಜೊತೆ ಕೂತು ಹೀಗೆ ನೋಡಿದಾಗ, ಮಂದೆಯಲ್ಲೇ ದಷ್ಟಪುಷ್ಟವಾಗಿ ಕಾಣುತ್ತಿದ್ದ ಟಗರುಮರಿಯ ರೆಪ್ಪೆಯೊಳಗೆ ಸುಣ್ಣದ ಬಿಳುಪು ಇತ್ತು. ಅದರ ಪಕ್ಕದಲ್ಲಿ ನಿಂತಿದ್ದ, ಎಲುಬು ಕಾಣುವ ಮುದಿ ಕುರಿಯ ರೆಪ್ಪೆ ದಾಸವಾಳದಂತೆ ಕೆಂಪಗಿತ್ತು. ಮೈಕಟ್ಟು ನೋಡಿ ಔಷಧಿ ಕೊಟ್ಟಿದ್ದರೆ ಕೊಡುವುದು ಮುದಿ ಕುರಿಗೆ, ಸಾಯುವುದು ಮರಿ ಎಂಬಂತಾಗುತ್ತಿತ್ತು.

ಕಾರ್ಡಿನ 1 ಮತ್ತು 2 (ಕೆಂಪು) ಇದ್ದರೆ ಬಿಟ್ಟುಬಿಡಿ. 4 ಮತ್ತು 5 (ಬಿಳಿಚಿದ್ದು) ಇದ್ದರೆ ಅಂದೇ ಔಷಧಿ. 3 ಇದ್ದರೆ ಮರಿಗಳಿಗೆ, ಗಬ್ಬದ ಕುರಿಗಳಿಗೆ, ಮರಿಗೆ ಹಾಲೂಡಿಸುತ್ತಿರುವ ತಾಯಿಗಳಿಗೆ ಕೊಡಿ, ಉಳಿದವಕ್ಕೆ ಮುಂದಿನ ತಪಾಸಣೆಯವರೆಗೆ ಕಾಯಿರಿ. ಮೇಕೆಗಳ ವಿಷಯದಲ್ಲಿ 3 ಬಂದಾಗಲೇ ಕೊಡುವುದು ಕ್ಷೇಮ. ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ ನೋಡಬೇಕು. ಒಣಗಾಲದಲ್ಲಿ ತಿಂಗಳಿಗೊಮ್ಮೆ ಸಾಕು. ರೆಪ್ಪೆ ತಿಳಿಸುವುದು ರಕ್ತಹೀನತೆಯನ್ನಷ್ಟೇ. ಭೇದಿ ಹಿಡಿಸುವ ಬೇರೆ ಜಂತುಗಳನ್ನು ಅದು ತೋರಿಸುವುದಿಲ್ಲ. ಬಾಲದ ಬುಡ ಕೊಳೆಯಾಗಿದ್ದರೆ ರೆಪ್ಪೆ ಕೆಂಪಗಿದ್ದರೂ ಹಿಕ್ಕೆ ಪರೀಕ್ಷೆ ಮಾಡಿಸಿ.

ಔಷಧಿ ಕೊಡದೆ ಬಿಟ್ಟ ಕುರಿಗಳ ಬಗ್ಗೆ ಅಂಜಬೇಡಿ. ಅವುಗಳ ಹೊಟ್ಟೆಯ ಹುಳುಗಳು ಔಷಧಿ ಕಾಣದವು, ಅಂದರೆ ಔಷಧಿಗೆ ಇನ್ನೂ ಬಗ್ಗುವಂಥವು. ಅವು ಮಂದೆಯಲ್ಲಿ ಉಳಿದು ಮೊಂಡು ಹುಳುಗಳ ಜೊತೆ ಬೆರೆತರೇನೇ ನಿಮ್ಮ ಔಷಧಿಗೆ ಆಯುಸ್ಸು. ಈ ಕಾರಣಕ್ಕೇ ಬೇಸಿಗೆಯ ಕೊನೆಯಲ್ಲಿ ಇಡೀ ಮಂದೆಗೆ ಒಮ್ಮೆಲೇ ಕುಡಿಸುವ ರೂಢಿ ನನಗೆ ಒಪ್ಪಿಗೆಯಿಲ್ಲ. ಏಪ್ರಿಲ್-ಮೇ ಬಿಸಿಲಿಗೆ ಹೊರಗಿನ ಮರಿಹುಳುಗಳು ಬಹುಪಾಲು ಸತ್ತಿರುತ್ತವೆ. ಆಗ ಎಲ್ಲ ಕುರಿಗಳಿಗೂ ಔಷಧಿ ಹಾಕಿದರೆ ಬದುಕುಳಿಯುವುದು ಮೊಂಡು ಹುಳು ಮಾತ್ರ. ಮುಂಗಾರಿನ ಮೊದಲ ಹುಲ್ಲಿಗೆ ನಾವೇ ಅದರ ಬೀಜ ಬಿತ್ತಿದಂತಾಗುತ್ತದೆ. ಆ ಹೊತ್ತಿನಲ್ಲಿ ಕೊಡಲೇಬೇಕಾದರೆ ಗಟ್ಟಿಮುಟ್ಟಾದ ದೊಡ್ಡ ಕುರಿಗಳಲ್ಲಿ ಹತ್ತಕ್ಕೆ ಒಂದೆರಡನ್ನಾದರೂ ಬಿಡಿ.

## ಹಂತ 4: ತೂಗಿ ಕುಡಿಸಿ

ಕಡಿಮೆ ಪ್ರಮಾಣ ಕೊಡುವುದು ಹುಳುವಿಗೆ ಔಷಧಿಯನ್ನು ರೂಢಿ ಮಾಡಿಸಿದಂತೆ. ಶೇಕಡಾ 2.5ರ ಅಲ್ಬೆಂಡಜೋಲ್ ದ್ರಾವಣದಲ್ಲಿ ಮಿಲಿಗೆ 25 ಮಿಲಿಗ್ರಾಂ ಔಷಧಿ ಇರುತ್ತದೆ. ಕಿಲೋ ತೂಕಕ್ಕೆ 7.5 ಮಿಲಿಗ್ರಾಂ ಎಂದು ಪಶುವೈದ್ಯರು ಬರೆದರೆ, 30 ಕಿಲೋ ಕುರಿಗೆ 225 ಮಿಲಿಗ್ರಾಂ, ಅಂದರೆ 9 ಮಿಲಿ. ಇಡೀ ಮಂದೆಯ ಸರಾಸರಿ ತೂಕ ಹಿಡಿದು ಎಲ್ಲಕ್ಕೂ ಒಂದೇ ಅಳತೆ ಕೊಟ್ಟರೆ ಅರ್ಧ ಮಂದೆಗೆ ಕಡಿಮೆ ಬೀಳುತ್ತದೆ.

ಮೇಕೆಯ ದೇಹ ಈ ಔಷಧಿಗಳನ್ನು ಕುರಿಗಿಂತ ಬೇಗ ಕರಗಿಸಿ ಹೊರಹಾಕುತ್ತದೆ. ಕುರಿಯ ಪ್ರಮಾಣ ಮೇಕೆಗೆ ಸಾಲದು. ಹಾಗೆಂದು ನೀವೇ ಏರಿಸಬೇಡಿ. ಲೆವಮಿಸೋಲ್ ಹೆಚ್ಚಾದರೆ ಜೊಲ್ಲು ಸುರಿದು ನಡುಕ ಬರುತ್ತದೆ, ಪ್ರಾಣವೂ ಹೋಗಬಹುದು. ಕ್ಲೋಸಾಂಟೆಲ್ ಹೆಚ್ಚಾದರೆ ಕಣ್ಣು ಹೋಗುತ್ತದೆ. ಮೇಕೆಗೆ ಎಷ್ಟು ಎಂಬುದನ್ನು ಪಶುವೈದ್ಯರಿಂದಲೇ ಬರೆಸಿಕೊಳ್ಳಿ. ಗಬ್ಬದ ಮೊದಲ ಒಂದೂವರೆ ತಿಂಗಳಲ್ಲಿ ಅಲ್ಬೆಂಡಜೋಲ್ ಬೇಡವೇ ಬೇಡ. ಹೋತ ಅಥವಾ ಟಗರು ಬಿಟ್ಟ ದಿನಾಂಕ ನೋಟ್‌ಬುಕ್ಕಿನಲ್ಲಿ ಇರಬೇಕಾದದ್ದು ಇದಕ್ಕಾಗಿಯೂ ಹೌದು.

ಬಾಟಲಿಯನ್ನು ಪ್ರತಿ ಸಲ ಅಲುಗಾಡಿಸಿ. ಔಷಧಿ ತಳದಲ್ಲಿ ಕೂತಿರುತ್ತದೆ. ತಲೆಯನ್ನು ನೆಲಕ್ಕೆ ಸಮನಾಗಿ ಹಿಡಿದು, ಸಿರಿಂಜನ್ನೋ ಗೊಟ್ಟವನ್ನೋ ಬಾಯಿಯ ಮಗ್ಗುಲಿನಿಂದ ನಾಲಿಗೆಯ ಹಿಂಭಾಗದವರೆಗೆ ಇಟ್ಟು ನಿಧಾನವಾಗಿ ಬಿಡಿ. ನಾಲಿಗೆಯ ತುದಿಗೆ ಸುರಿದರೆ ಔಷಧಿ ದೊಡ್ಡ ಹೊಟ್ಟೆಯನ್ನು ತಪ್ಪಿಸಿ ಸೀದಾ ಮುಂದಕ್ಕೆ ಹೋಗಿ ಬೇಗ ಹೊರಬೀಳಬಹುದು. ತಲೆ ಮೇಲೆತ್ತಿ ಸುರಿದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಅಲ್ಬೆಂಡಜೋಲ್ ಗುಂಪಿನ ಔಷಧಿಯಾದರೆ ಹಿಂದಿನ ರಾತ್ರಿ ಮೇವು ತಡೆದು, ನೀರು ಮಾತ್ರ ಕೊಟ್ಟು, ಬೆಳಗ್ಗೆ ಕುಡಿಸಿದರೆ ಹೆಚ್ಚು ನಾಟುತ್ತದೆ. ದಿನ ತುಂಬಿದ ಗಬ್ಬದ ಕುರಿಯನ್ನು ಮಾತ್ರ ಉಪವಾಸ ಕೆಡವಬಾರದು.

ಹಾಲು ಮತ್ತು ಮಾಂಸಕ್ಕೆ ಎಷ್ಟು ದಿನ ಬಿಡಬೇಕು ಎಂಬುದು ಬಾಟಲಿಯ ಚೀಟಿಯಲ್ಲಿದೆ. ಹಬ್ಬಕ್ಕೆ ಮಾರುವ ಟಗರಿಗೆ ಕೊಡುವ ಮುಂಚೆ ಅದನ್ನು ಓದಿ.

## ಹಂತ 5: ಜೈವಿಕ ವಿಧಾನ ಮತ್ತು ಔಷಧಿಯ ನಡುವಿನ ಅಂತರ

ಇಡೀ ಕೆಲಸ ಕೆಡುವುದು ಇಲ್ಲೇ.

ಹುಳು ಹಿಡಿಯುವ ಶಿಲೀಂಧ್ರ. ಡಡ್ಡಿಂಗ್ಟೋನಿಯಾ ಫ್ಲಾಗ್ರಾನ್ಸ್ ಎಂಬ ಶಿಲೀಂಧ್ರದ ಬೀಜಕಣಗಳನ್ನು ಮೇವಿನಲ್ಲಿ ಬೆರೆಸಿ ಕೊಡುತ್ತಾರೆ. ಅವು ಹೊಟ್ಟೆಯಲ್ಲಿ ಕರಗದೆ ಹಿಕ್ಕೆಯ ಜೊತೆ ಹೊರಬಂದು, ಅಲ್ಲಿ ಮೊಳೆತು, ಅಂಟಿನ ಬಲೆ ನೇಯುತ್ತವೆ. ಹಿಕ್ಕೆಯಲ್ಲಿ ಹರಿದಾಡುವ ಮರಿಹುಳು ಆ ಬಲೆಗೆ ಸಿಕ್ಕಿಕೊಂಡರೆ ಶಿಲೀಂಧ್ರ ಅದರ ಮೈ ಹೊಕ್ಕು ತಿನ್ನುತ್ತದೆ. ಔಷಧಿಗೆ ಬಗ್ಗುವ ಹುಳು, ಬಗ್ಗದ ಹುಳು ಎಂಬ ಭೇದ ಅದಕ್ಕಿಲ್ಲ. ಆಸ್ಟ್ರೇಲಿಯಾದಲ್ಲಿ 2018ರಿಂದ ಇದು ಬಯೋವರ್ಮಾ ಎಂಬ ಹೆಸರಿನಲ್ಲಿ ಮಾರಾಟದಲ್ಲಿದೆ. ಅದರ ಪ್ರಮಾಣ ಕಿಲೋ ತೂಕಕ್ಕೆ ದಿನಕ್ಕೆ 30,000 ಬೀಜಕಣ. ನಮ್ಮ ಹಳ್ಳಿಯ ಔಷಧಿ ಅಂಗಡಿಗಳಲ್ಲಿ ಕೇಳಿದೊಡನೆ ಸಿಗುವ ಸಾಮಾನು ಇದಲ್ಲ. ಪಶುವೈದ್ಯರು ಅಥವಾ ಪಶುವೈದ್ಯಕೀಯ ಕಾಲೇಜಿನ ಮೂಲಕ ವಿಚಾರಿಸಿ. ಬೆಳೆಗೆ ಬಳಸುವ ಟ್ರೈಕೋಡರ್ಮಾ ಕೂಡ ಶಿಲೀಂಧ್ರವೇ ಅಲ್ಲವೇ, ಅದನ್ನು ತಿನ್ನಿಸಬಹುದೇ ಎಂದು ಕೇಳುವವರಿದ್ದಾರೆ. ದಯವಿಟ್ಟು ತಿನ್ನಿಸಬೇಡಿ. ಅದು ಮಣ್ಣಿಗೆ ತಯಾರಿಸಿದ್ದು, ಕುರಿಯ ಹೊಟ್ಟೆಗಲ್ಲ.

ಶಿಲೀಂಧ್ರ ಸಿಕ್ಕವರು ಮಾಡುವ ದೊಡ್ಡ ತಪ್ಪು, ರೆಪ್ಪೆ ಬಿಳಿಚಿದ ಕುರಿಗೆ ಅದನ್ನೇ ಔಷಧಿಯೆಂದು ಕೊಟ್ಟು ಕಾಯುವುದು. ಹೊಟ್ಟೆಯೊಳಗಿನ ಹುಳುವನ್ನು ಅದು ಮುಟ್ಟುವುದೇ ಇಲ್ಲ. ಆ ಕುರಿ ಸಾಯುತ್ತದೆ. ಎರಡನೆಯ ತಪ್ಪು, ದಿನ ಬಿಟ್ಟು ದಿನ ಕೊಡುವುದು. ಒಂದು ದಿನ ತಪ್ಪಿದರೆ ಆ ದಿನದ ಹಿಕ್ಕೆಗೆ ಕಾವಲಿಲ್ಲ. ಮಳೆ ಶುರುವಾದಾಗಿನಿಂದ ಕನಿಷ್ಠ ಎರಡು ತಿಂಗಳು ದಿನವೂ ಕೊಡಬೇಕು. ಎಲ್ಲಕ್ಕೂ ಸಾಲದಿದ್ದರೆ ಮರಿ ಹಾಕುವ ಎರಡು ವಾರ ಮುಂಚಿನಿಂದ ಹಾಲೂಡಿಸುವವರೆಗಿನ ತಾಯಿ ಕುರಿಗಳಿಗೆ ಮೊದಲು ಕೊಡಿ. ಆ ಅವಧಿಯಲ್ಲಿ ಅವುಗಳ ಹಿಕ್ಕೆಯಲ್ಲಿ ಮೊಟ್ಟೆ ಏಕಾಏಕಿ ಏರುತ್ತದೆ, ಮರಿಗಳು ಮೇಯುವುದೂ ಅದೇ ನೆಲದಲ್ಲಿ.

ಈಗ ಅಂತರದ ಮಾತು. ತೋಟಕ್ಕೆ ಶಿಲೀಂಧ್ರನಾಶಕವಾಗಿ ಸಿಂಪಡಿಸುವ ಕಾರ್ಬೆಂಡಜಿಮ್ ನಿಮಗೆ ಗೊತ್ತು. ಅಲ್ಬೆಂಡಜೋಲ್ ಅದೇ ರಾಸಾಯನಿಕ ಕುಲದ್ದು. ಹಾಗಿರುವಾಗ ಅಲ್ಬೆಂಡಜೋಲ್ ಕುಡಿಸಿದ ದಿನವೇ ಮೇವಿಗೆ ಶಿಲೀಂಧ್ರ ಬೆರೆಸಿದರೆ ಅದು ಹಿಕ್ಕೆಯಲ್ಲಿ ಮೊಳೆಯುವುದು ಕಷ್ಟ. ಮೊದಲು ಔಷಧಿ ಕೊಟ್ಟು, ಒಂದು ವಾರ ಬಿಟ್ಟು ಶಿಲೀಂಧ್ರ ಶುರುಮಾಡಿ. ಶಿಲೀಂಧ್ರದ ಅವಧಿಯ ನಡುವೆ ಯಾವುದಾದರೂ ಕುರಿಗೆ ಔಷಧಿ ಬೇಕಾದರೆ, ಪರೀಕ್ಷೆಯಲ್ಲಿ ಗೆದ್ದ ಬೇರೆ ಗುಂಪಿನದನ್ನು ಆರಿಸಿಕೊಳ್ಳಿ.

ಸಗಣಿ ದುಂಬಿ. ಮಳೆ ಬಿದ್ದ ಮರುದಿನ ಬೆಳಗ್ಗೆ ಗೋಮಾಳದಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡಿ. ಕಪ್ಪು ದುಂಬಿಯೊಂದು ತಲೆ ಕೆಳಗಾಗಿ, ಹಿಂಗಾಲಿನಿಂದ ಹಿಕ್ಕೆಯನ್ನು ತಳ್ಳಿಕೊಂಡು ಹೋಗಿ ಮಣ್ಣಿನಲ್ಲಿ ಹೂಳುತ್ತಿರುತ್ತದೆ. ಹೂತು ಹೋದ ಮತ್ತು ಚೂರಾಗಿ ಒಣಗಿದ ಸಗಣಿಯಿಂದ ಹುಲ್ಲಿಗೆ ಏರುವ ಮರಿಹುಳು ಕಡಿಮೆ. ಈ ದುಂಬಿಗೆ ಶತ್ರು ಐವರ್ಮೆಕ್ಟಿನ್. ಅದು ಹಿಕ್ಕೆಯಲ್ಲಿ ಹೊರಬಂದು ದುಂಬಿಯ ಮರಿಗಳನ್ನು ಕೊಲ್ಲುತ್ತದೆ. ಚುಚ್ಚುಮದ್ದಿನ ರೂಪದ್ದಾದರೆ ವಾರಗಟ್ಟಲೆ. ಉಣ್ಣೆಗೆ ಬಳಿಯುವ ಉಣುಗಿನ ಔಷಧಿಗಳಲ್ಲಿ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಕೂಡ ಹಾಗೆಯೇ.

ಹೀಗಾಗಿ ಐವರ್ಮೆಕ್ಟಿನ್ ಕೊಟ್ಟ ಕುರಿಗಳನ್ನು ಒಂದು ವಾರವಾದರೂ ರೊಪ್ಪದಲ್ಲೇ ಕಟ್ಟಿ ಮೇಯಿಸಿ, ಆ ಹಿಕ್ಕೆಯನ್ನು ಗೊಬ್ಬರದ ಗುಂಡಿಗೆ ಹಾಕಿ. ಮಂದೆಯಲ್ಲಿ ನಾಲ್ಕಾರು ಕುರಿಗಳಿಗೆ ಮಾತ್ರ ಕೊಟ್ಟಿದ್ದರೆ ಇದು ಕಷ್ಟದ ಕೆಲಸವಲ್ಲ. ಮೂರನೆಯ ಹಂತದಲ್ಲಿ ಆರಿಸಿ ಕೊಡಿ ಎಂದು ಅಷ್ಟು ಒತ್ತಿ ಹೇಳಿದ್ದರಲ್ಲಿ ಈ ದುಂಬಿಗಳ ಪಾಲೂ ಇದೆ.

ಸೊಪ್ಪು. ಒಗರಿನ ಅಂಶ ಹೆಚ್ಚಿರುವ ಜಾಲಿ, ಹಲಸು, ಆಲದ ಸೊಪ್ಪು ಹುಳುಗಳ ಮೊಟ್ಟೆಯನ್ನು ಸ್ವಲ್ಪ ಇಳಿಸುತ್ತದೆ. ಎತ್ತರದ ಸೊಪ್ಪು ತಿನ್ನುವ ಕುರಿ ನೆಲದ ಹುಲ್ಲಿಗೆ ಬಾಯಿ ಹಾಕುವುದೂ ಕಡಿಮೆಯಾಗುತ್ತದೆ, ನನ್ನ ಮಟ್ಟಿಗೆ ದೊಡ್ಡ ಲಾಭ ಅದೇ. ಮೇವಿನ ಒಂದು ಪಾಲಾಗಿ ಕೊಡಿ. ಸೊಪ್ಪನ್ನೇ ಹೊಟ್ಟೆ ತುಂಬಿಸಿದರೆ ಜೀರ್ಣ ಕೆಡುತ್ತದೆ.

## ಹಂತ 6: ಮೇಯುವ ನೆಲ

ಮರಿಹುಳುಗಳು ಇಬ್ಬನಿಯ ತೇವದಲ್ಲಿ ಹುಲ್ಲು ಹತ್ತುತ್ತವೆ. ಹೆಚ್ಚಿನವು ನೆಲದಿಂದ ಎರಡು ಇಂಚಿನೊಳಗೆ ಇರುತ್ತವೆ. ಇಬ್ಬನಿ ಆರಿದ ಮೇಲೆ ಮಂದೆ ಬಿಡಿ. ಹುಲ್ಲು ನಾಲ್ಕು ಬೆರಳಿಗಿಂತ ಗಿಡ್ಡವಾದರೆ ಆ ಜಾಗ ಬಿಟ್ಟು ಮುಂದೆ ಹೋಗಿ.

ಸ್ವಂತ ಹುಲ್ಲುಗಾವಲಿದ್ದವರು ಭಾಗ ಮಾಡಿ ಒಂದೊಂದರಲ್ಲಿ ನಾಲ್ಕು ದಿನಕ್ಕಿಂತ ಹೆಚ್ಚು ಮೇಯಿಸದೆ, ಐದು ವಾರ ಬಿಡುವು ಕೊಡಿ. ಬೆಚ್ಚಗಿನ ತೇವದಲ್ಲಿ ಮರಿಹುಳು ಬೇಗ ಹುಟ್ಟುತ್ತದೆ, ಕೂಡಿಟ್ಟ ಶಕ್ತಿ ಮುಗಿದು ಬೇಗ ಸಾಯುತ್ತದೆ. ಮಲೆನಾಡಿನ ತಂಪಿನಲ್ಲಿ ಇನ್ನೂ ಹೆಚ್ಚು ದಿನ ಬೇಕು. ಬಿಡುವಿನ ನೆಲಕ್ಕೆ ದೊಡ್ಡ ದನಗಳನ್ನು ಬಿಟ್ಟರೆ ಅವು ಕುರಿಯ ಮರಿಹುಳುಗಳನ್ನು ಹುಲ್ಲಿನೊಂದಿಗೆ ನುಂಗಿಬಿಡುತ್ತವೆ. ಅವುಗಳ ಹೊಟ್ಟೆಯಲ್ಲಿ ಆ ಹುಳುಗಳು ಹೆಚ್ಚಾಗಿ ಬೆಳೆಯುವುದಿಲ್ಲ. ಕುರಿ ಮತ್ತು ಮೇಕೆಯನ್ನು ಸರದಿಯಲ್ಲಿ ಬಿಡುವುದರಿಂದ ಈ ಲಾಭವಿಲ್ಲ, ಎರಡಕ್ಕೂ ಹುಳು ಒಂದೇ.

ಔಷಧಿ ಕುಡಿಸಿ ಅದೇ ದಿನ ಇಡೀ ಮಂದೆಯನ್ನು ಹೊಸ ನೆಲಕ್ಕೆ ಹೊಡೆಯುವ ಹಳೆಯ ಸಲಹೆಯನ್ನು ಕೈಬಿಡಿ. ಔಷಧಿಗೆ ಸಾಯದೆ ಉಳಿದ ಹುಳುಗಳ ಮೊಟ್ಟೆ ಮಾತ್ರ ಆ ಹೊಸ ನೆಲಕ್ಕೆ ಬೀಳುತ್ತದೆ.

## ಹಂತ 7: ಸಂತೆಯಿಂದ ತಂದ ಕುರಿ

ಮೊಂಡು ಹುಳು ಊರಿಗೆ ಬರುವ ದಾರಿ ಇದು. ತಂದ ದಿನವೇ ಪಶುವೈದ್ಯರ ಸಲಹೆಯಂತೆ ಎರಡು ಬೇರೆ ಗುಂಪಿನ ಔಷಧಿಗಳನ್ನು, ಒಂದರೊಳಗೊಂದು ಬೆರೆಸದೆ, ಒಂದಾದ ಮೇಲೊಂದು ಕೊಡಿ. ಎರಡು-ಮೂರು ದಿನ ಒಣ ರೊಪ್ಪದಲ್ಲಿ ಕಟ್ಟಿ, ಹಿಕ್ಕೆಯನ್ನು ಗೊಬ್ಬರದ ಗುಂಡಿಗೆ ಹಾಕಿ. ಆಮೇಲೆ ನಿಮ್ಮ ಮಂದೆ ಈಗಾಗಲೇ ಮೇದ ನೆಲಕ್ಕೇ ಬಿಡಿ. ಹೊಸ ಕುರಿಯಲ್ಲಿ ಒಂದಷ್ಟು ಮೊಂಡು ಹುಳು ಉಳಿದಿದ್ದರೂ ನಿಮ್ಮ ನೆಲದ ಸಾಧು ಹುಳುಗಳ ನಡುವೆ ಅದು ಕರಗಿಹೋಗಲಿ. 14ನೆಯ ದಿನ ಹಿಕ್ಕೆ ಪರೀಕ್ಷೆ ಮಾಡಿಸಿ.

## ಕಾಯದೆ ಪಶುವೈದ್ಯರನ್ನು ಕರೆಯಬೇಕಾದ ಲಕ್ಷಣಗಳು

ದವಡೆಯ ಕೆಳಗೆ ಮೆತ್ತಗೆ ನೀರು ತುಂಬಿದ ಬಾವು. ಸಂಜೆ ಹೆಚ್ಚಾಗಿ, ಬೆಳಗ್ಗೆ ಸ್ವಲ್ಪ ಇಳಿದಂತೆ ಕಾಣುತ್ತದೆ. ಇಳಿಯಿತೆಂದು ಸುಮ್ಮನಾಗಬೇಡಿ.

ಮಂದೆ ಹೊರಟಾಗ ಹಿಂದೆ ಬಿದ್ದು, ಏದುಸಿರು ಬಿಟ್ಟು ಮಲಗುವ ಕುರಿ. ಇಂಥದ್ದನ್ನು ರೆಪ್ಪೆ ನೋಡಲು ಅಟ್ಟಿಸಿಕೊಂಡು ಹೋಗಬೇಡಿ, ರಕ್ತವಿಲ್ಲದ ಕುರಿ ಓಡಿದರೆ ಅಲ್ಲೇ ಬಿದ್ದು ಸಾಯುತ್ತದೆ. ಎತ್ತಿಕೊಂಡು ಬಂದು ನೆರಳಲ್ಲಿ ಮಲಗಿಸಿ, ಮೇವು-ನೀರನ್ನು ಅದರ ಮುಂದೆಯೇ ಇಡಿ.

ಎರಡು ವಾರಗಳ ತಪಾಸಣೆಯ ನಡುವೆ 4 ಮತ್ತು 5ರ ಕುರಿಗಳು ಇದ್ದಕ್ಕಿದ್ದಂತೆ ಹೆಚ್ಚಾದರೆ, ಮುಂದಿನ ತಪಾಸಣೆ ವಾರಕ್ಕೊಮ್ಮೆ ಆಗಬೇಕು. ಆಗ 3ರವಕ್ಕೂ ಔಷಧಿ ಬೇಕಾಗುತ್ತದೆ.

ಔಷಧಿ ಕೊಟ್ಟ ಎರಡು ವಾರಕ್ಕೂ ರೆಪ್ಪೆಗೆ ಕೆಂಪು ಮರಳದಿದ್ದರೆ ಅದೇ ಬಾಟಲಿಯಿಂದ ಇನ್ನೊಮ್ಮೆ ಕುಡಿಸಬೇಡಿ. ಹಿಕ್ಕೆ ಕಳಿಸಿ. ಮೊಟ್ಟೆ ಇಳಿದಿದ್ದರೆ ಔಷಧಿ ಕೆಲಸ ಮಾಡಿದೆ, ರಕ್ತ ಕೂಡಲು ಶೇಂಗಾ ಹಿಂಡಿಯಂತಹ ಗಟ್ಟಿ ಆಹಾರ ಮತ್ತು ಸಮಯ ಬೇಕು. ಇಳಿಯದಿದ್ದರೆ ಗುಂಪು ಬದಲಿಸಬೇಕು.

ಹೊಟ್ಟೆ ತುಂಬಿದ, ನಿನ್ನೆ ಚೆನ್ನಾಗಿದ್ದ ಮರಿ ಬೆಳಗ್ಗೆ ಸತ್ತು ಬಿದ್ದಿದ್ದರೆ ಹೂಳುವ ಮುಂಚೆ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ ಅಥವಾ ಹತ್ತಿರದ ಪಶುವೈದ್ಯರಿಗೆ ತಿಳಿಸಿ. ಮೂಗು, ಬಾಯಿ, ಗುದದಿಂದ ಕಪ್ಪು ರಕ್ತ ಸೋರಿದ್ದರೆ ಹೆಣವನ್ನು ಯಾರೂ ಕೊಯ್ಯಬಾರದು, ಅದು ನೆರಡಿ (ಆಂಥ್ರಾಕ್ಸ್) ರೋಗವಿರಬಹುದು. ಅಂಥದ್ದೇನೂ ಇಲ್ಲವೆಂದು ಖಚಿತವಾದ ಮೇಲೆ ಪಶುವೈದ್ಯರು ನಾಲ್ಕನೆಯ ಹೊಟ್ಟೆಯನ್ನು ಬಿಡಿಸಿ, ಒಳಗೋಡೆಯ ಮೇಲೆ ಕೆಂಪು-ಬಿಳಿ ಎಳೆಗಳಿವೆಯೇ ಎಂದು ನೋಡಿ ಹೇಳುತ್ತಾರೆ. ಉಳಿದ ಮರಿಗಳ ರೆಪ್ಪೆಯನ್ನು ಅದೇ ಬೆಳಗ್ಗೆ ನೋಡಿ.